ಐವತ್ತು ಕೆ.ಜಿ. ಹಿಟ್ಟು

ಬೆಳಿಗ್ಗೆ ಹತ್ತು ಗಂಟೆ ನಲವತ್ತೇಳು ನಿಮಿಷಕ್ಕೆ ದಿಲೀಪ್ ಕೆ.ಆರ್. ಪೇಟೆಯ ಹಾಲು ಶೀತಲೀಕರಣ ಕೇಂದ್ರದಲ್ಲಿ, ಕಿಕ್ಕೇರಿ ಕಡೆಯಿಂದ ಬಂದ ಹಾಲಿಗೆ ನೀರಿನ ಬೆರಕೆ ಹಿಡಿಯುವ ಲ್ಯಾಕ್ಟೋಮೀಟರ್ ಇಳಿಬಿಟ್ಟು, ಅದರ ಅಲುಗಾಟ ನಿಲ್ಲಲೆಂದು ಉಸಿರು ಬಿಗಿಹಿಡಿದು ನಿಂತಿದ್ದ. ಲ್ಯಾಕ್ಟೋಮೀಟರ್ ನಿಂತಿತು, ಜೇಬಿನಲ್ಲಿದ್ದ ಫೋನು ನಡುಗಿತು. ದಿಲೀಪ್ ಮೊದಲು ಇಪ್ಪತ್ತೆಂಟು ಎಂದು ಬರೆದುಕೊಂಡು, ಆಮೇಲೆ ಫೋನು ತೆಗೆದ. ಬಿ.ಎಸ್ಸಿ. ಓದಿದವನು, ಅನುಕ್ರಮ ತಪ್ಪಿಸುವವನಲ್ಲ.

ಹನ್ನೊಂದು ವರ್ಷದಿಂದ ಅವನು ಹಾಲು ಪರೀಕ್ಷಕ. ಏಳು ತಿಂಗಳಿಂದ ಮಾಲೀಕ. ಪಾಂಡವಪುರದ ಬಸ್ ನಿಲ್ದಾಣದ ಹತ್ತಿರ ‘ದುಂಡುಮುದ್ದೆ’ ಎಂಬ ಬೆಂಗಳೂರು ಕಂಪನಿಯ ಊಟದಂಗಡಿಯೊಂದು ಅವನ ಹೆಸರಿನಲ್ಲಿ ನಡೆಯುತ್ತಿತ್ತು. ಬೋರ್ಡು ಕಂಪನಿಯದು, ಪದ್ಧತಿ ಕಂಪನಿಯದು, ನೂರ ಹನ್ನೆರಡು ಪುಟದ ನಿಯಮಾವಳಿ ಕಂಪನಿಯದು. ದುಡ್ಡು ಮಾತ್ರ ದಿಲೀಪನದು. ಇನ್ನೂ ಖಚಿತವಾಗಿ ಹೇಳುವುದಾದರೆ, ಹೆಂಡತಿ ಸುನಿತಾಳ ಹೆಸರಿನಲ್ಲಿದ್ದ ನಾಗಮಂಗಲದ ಸೈಟಿನದು.

ಸೈಟು ಮಾರುವ ಮುನ್ನ ಸುನಿತಾ ಕೇಳಿದ್ದಳು:

“ರೀ, ಅಂಗ್ಡಿ ಪಾಂಡವಪುರದಲ್ಲಿ, ನೀವು ಪ್ಯಾಟೇಲಿ. ಅಲ್ಲಿ ನೋಡ್ಕೊಳ್ಳೋರು ಯಾರು?”

“ಇದು ಫ್ರಾಂಚೈಸಿ ಕಣೆ. ಸಿಸ್ಟಮ್ಮು ನಡಸ್ತದೆ. ನಾನು ಕ್ಯಾಮ್ರಾದಲ್ಲಿ ನೋಡ್ತಿರ್ತೀನಿ.”

“ಕ್ಯಾಮ್ರಾದಲ್ಲಿ ಉಪ್ಪು ಕಾಣ್ತದಾ?”

ಇದು ವಿಜ್ಞಾನದ ಪ್ರಶ್ನೆಯಲ್ಲವೆಂದು ತೀರ್ಮಾನಿಸಿ ದಿಲೀಪ್ ಮುಂದಿನ ವಿಷಯಕ್ಕೆ ಹೋಗಿದ್ದ. ಮುಂದಿನ ವಿಷಯವೆಂದರೆ ಸಾಮ್ರಾಜ್ಯ ವಿಸ್ತರಣೆ: ಎರಡನೆಯ ಶಾಖೆ ಶ್ರೀರಂಗಪಟ್ಟಣ, ಮೂರನೆಯದು ನಾಗಮಂಗಲ. (ಸೈಟು ಹೋದ ಊರಿಗೆ ಅಂಗಡಿಯಾಗಿ ಮರಳುವ ಯೋಜನೆ.)

ಉದ್ಘಾಟನೆಯ ದಿನ ಪೇಟ ಸುತ್ತಿ, ಕಪ್ಪು ಕನ್ನಡಕ ಹಾಕಿ ರಿಬ್ಬನ್ ಕತ್ತರಿಸಿ ಬಂದವನು ಮತ್ತೆ ಅತ್ತ ಹೋಗಿರಲಿಲ್ಲ. ಮುದ್ದೆ ತಿರುವುವ ಕುಳ್ಳಯ್ಯನಿಗೂ ಕೌಂಟರಿನ ಪವಿತ್ರಾಳಿಗೂ ಓನರ್ ಎಂದರೆ ವಾಟ್ಸಾಪಿನಲ್ಲಿ ಸಿಂಹದ ಚಿತ್ರ ಇಟ್ಟುಕೊಂಡ ಒಂದು ನಂಬರು. ಆ ಸಿಂಹ ದಿನಕ್ಕೆ ಒಂಬತ್ತು ಹತ್ತು ಸಲ ಆಜ್ಞೆ ಮಾಡುತ್ತಿತ್ತು. ‘ಕುಳ್ಳಯ್ಯ, ಟೋಪಿ.’ ‘ಪವಿತ್ರ, ನೊಣ.’ ‘ಮೂರನೇ ಟೇಬಲ್ ಅಜ್ಜ ಇಪ್ಪತ್ತು ನಿಮಿಷದಿಂದ ಕೂತಿದ್ದಾರೆ, ವಿಚಾರಿಸಿ.’ ಕ್ಯಾಮೆರಾದಲ್ಲಿ ಚಿತ್ರ ಚೆನ್ನಾಗಿ ಬರುತ್ತಿತ್ತು. ಶಬ್ದ ಬರುತ್ತಿರಲಿಲ್ಲ.

ಈಗ ಬಂದಿದ್ದ ಸಂದೇಶ ಕಂಪನಿಯದು. ‘ಇಂದು ಮಧ್ಯಾಹ್ನ ಒಂದು ಗಂಟೆಗೆ ಪರಿವೀಕ್ಷಣೆ. ಕನಿಷ್ಠ ಐವತ್ತು ಕೆ.ಜಿ. ರಾಗಿ ಹಿಟ್ಟಿನ ದಾಸ್ತಾನು ಇರತಕ್ಕದ್ದು.’

ಅಂಗಡಿಗೆ ಆಗಲೇ ಎರಡು ಕೆಂಪು ಗುರುತು ಬಿದ್ದಿದ್ದವು. ಒಂದು ಸಾರು ಆರಿದ್ದಕ್ಕೆ. ಇನ್ನೊಂದು, ‘ಶುಭದಿನ, ದುಂಡುಮುದ್ದೆಗೆ ಸ್ವಾಗತ’ ಎನ್ನಬೇಕಾದ ಕಡೆ ಕುಳ್ಳಯ್ಯ ಕಂಪನಿಯ ಮನುಷ್ಯನಿಗೇ “ಬಾರ್ಲಾ, ಕೂತ್ಕ” ಎಂದಿದ್ದಕ್ಕೆ. ಮೂರನೆಯದು ಬಿದ್ದರೆ ಬೋರ್ಡು ಇಳಿಸಿಕೊಂಡು ಹೋಗುತ್ತಾರೆ. ಸೈಟೂ ಇಲ್ಲ, ಸಾಮ್ರಾಜ್ಯವೂ ಇಲ್ಲ. ಅಂಗಡಿಯಲ್ಲಿ ಆಗ ಇದ್ದ ಹಿಟ್ಟು ಹದಿನೇಳು ಕೆ.ಜಿ. ಮಾತ್ರ. ಉಳಿದದ್ದನ್ನು ಪಕ್ಕದ ಮಿಲ್ಲಿನಿಂದ ತರಿಸಿದರಾಯಿತು.

ಸಂದೇಶವನ್ನು ಹಾಗೆಯೇ ಕಳಿಸಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ದಿಲೀಪ್ ಸಿಬ್ಬಂದಿಯ ಹಿತ ಬಯಸುವ ಮಾಲೀಕ. ‘ದಾಸ್ತಾನು’ ಎಂಬ ಪದ ಕುಳ್ಳಯ್ಯನಿಗೆ ಕಷ್ಟವಾದೀತೆಂದು ತೆಗೆದ. ‘ರಾಗಿ’ ಎಂದು ಬೇರೆ ಹೇಳಬೇಕೇ ಎಂದು ಅದನ್ನೂ ತೆಗೆದ. ಹೀಗೆ ಸೋಸಿ ಸೋಸಿ ಕಳಿಸಿದ್ದು ಇಷ್ಟು: ‘ಒಂದು ಗಂಟೆಯೊಳಗೆ ಐವತ್ತು ಕೆ.ಜಿ. ಹಿಟ್ಟು ರೆಡಿ ಇರಬೇಕು. ಫೋನ್ ಮಾಡಬೇಡಿ. ಮಾಡಿ ತೋರಿಸಿ.’

ಕಂಪನಿಯ ಭಾಷೆಯಲ್ಲಿ ಹಿಟ್ಟು ಎಂದರೆ ಹಿಟ್ಟು. ಪಾಂಡವಪುರದಲ್ಲಿ ಇಟ್ಟು ಎಂದರೆ ಮುದ್ದೆ. “ಇಟ್ಟು ಉಂಡ್ಯಾ?” ಎಂದು ಕೇಳಿದರೆ ಅಲ್ಲಿ ಯಾರೂ ಬಾಯಿಗೆ ಪುಡಿ ಸುರಿದುಕೊಳ್ಳುವುದಿಲ್ಲ. ಇದು ದಿಲೀಪನಿಗೆ ಹುಟ್ಟಿದಾಗಿನಿಂದ ಗೊತ್ತಿತ್ತು. ಏಳು ತಿಂಗಳಿಂದ ಮಾತ್ರ ಮರೆತಿದ್ದ.

ಹನ್ನೊಂದು ಗಂಟೆಗೆ ಕ್ಯಾಮೆರಾ ತೆರೆದರೆ ಅಡುಗೆಮನೆಯಲ್ಲಿ ಮಹಾ ಉತ್ಸಾಹ. ಕುಳ್ಳಯ್ಯ ಟೋಪಿ ಹಾಕಿದ್ದ. ಮೂರು ಒಲೆಯ ಮೇಲೂ ಹಂಡೆಗಳು. ಎಲ್ಲಿಂದಲೋ ಬಂದ ಇಬ್ಬರು ಗಟ್ಟಿಗರು ಕೋಲು ಹಿಡಿದು ಬೆವರುತ್ತಿದ್ದರು. ‘ಪಾತ್ರೆ ತೊಳೆಸುತ್ತಿದ್ದಾನೆ, ಭೇಷ್’ ಎಂದುಕೊಂಡ ದಿಲೀಪ್ ಹೆಬ್ಬೆರಳಿನ ಚಿತ್ರ ಕಳಿಸಿದ. ಕುಳ್ಳಯ್ಯ ಕ್ಯಾಮೆರಾಕ್ಕೆ ಕೈ ಮುಗಿದು ಇನ್ನಷ್ಟು ಜೋರಾಗಿ ಕೋಲು ಆಡಿಸಿದ.

ಹನ್ನೊಂದು ಐವತ್ತೈದಕ್ಕೆ ಮತ್ತೆ ನೋಡಿದಾಗ ಟೇಬಲ್ಲುಗಳ ಮೇಲೆಲ್ಲ ಕಪ್ಪಗೆ ದುಂಡಗೆ ಏನೋ ಸಾಲು ಸಾಲಾಗಿ ಕೂತಿತ್ತು. ದಿಲೀಪ್ ಚಿತ್ರ ಹಿಗ್ಗಿಸಿದ. ಒಂದು ಸಾಲಿನಲ್ಲಿ ಹದಿನೈದು. ಹನ್ನೆರಡು ಸಾಲು. ತಕ್ಷಣ ಪವಿತ್ರಾಳಿಗೆ ಫೋನ್ ಮಾಡಿದ.

“ಏನಮ್ಮ ಅದು ಟೇಬಲ್ ಮೇಲೆ?”

“ಇಟ್ಟು ಸಾ. ನೀವೇ ಫೋನ್ ಮಾಡ್ಬ್ಯಾಡಿ ಅಂದ್ಬುಟ್ಟು ನೀವೇ ಮಾಡ್ತೀರಲ್ಲ! ಇನ್ನೂ ಹದಿನಾಲ್ಕು ಕೇಜಿ ಬಾಕಿ ಅದೆ. ಒಂದ್ಗಳಿಗೆ ಬುಟ್ಬುಡಿ.”

ಫೋನು ಕಟ್ಟಾಯಿತು. ಸಿಬ್ಬಂದಿಯ ಶಿಸ್ತು ಮೆಚ್ಚಬೇಕಾದದ್ದೇ.

ದಿಲೀಪ್ ಲೆಕ್ಕ ಹಾಕಿದ. ಒಂದು ಮುದ್ದೆ ಇನ್ನೂರು ಗ್ರಾಂ. ಐವತ್ತು ಕೆ.ಜಿ. ಎಂದರೆ ಇನ್ನೂರೈವತ್ತು ಮುದ್ದೆ. ಅಷ್ಟಕ್ಕೆ ಬೇಕಾಗುವ ಪುಡಿ ಸುಮಾರು ಹದಿನೇಳು ಕೆ.ಜಿ., ಅಂಗಡಿಯಲ್ಲಿದ್ದಷ್ಟೂ. ಅಂದರೆ, ಐವತ್ತು ಕೆ.ಜಿ. ಹಿಟ್ಟು ಇರಬೇಕಾದ ಅಂಗಡಿಯಲ್ಲಿ ಐವತ್ತು ಕೆ.ಜಿ. ಹಿಟ್ಟು ಇರುತ್ತದೆ, ಹಿಟ್ಟು ಮಾತ್ರ ಒಂದು ಚಿಟಿಕೆಯೂ ಇರುವುದಿಲ್ಲ. ಸಾಲದ್ದಕ್ಕೆ ನಿಯಮ ಮೂವತ್ತೊಂದು: ಮಾಡಿದ ಮುದ್ದೆ ಎರಡು ಗಂಟೆಯೊಳಗೆ ಖರ್ಚಾಗಬೇಕು, ಒಂದು ಉಳಿದರೂ ಕೆಂಪು ಗುರುತು.

ಅವನು ಬೈಕು ಹತ್ತುವ ಮುಂಚೆ ಮಾಡಿದ ಒಂದೇ ಒಳ್ಳೆಯ ಕೆಲಸವೆಂದರೆ ಕ್ಯಾತನಹಳ್ಳಿಯ ತವರಿನಲ್ಲಿದ್ದ ಸುನಿತಾಳಿಗೆ ಫೋನ್ ಮಾಡಿದ್ದು. ಆಕೆ ಪೂರ್ತಿ ಕೇಳಿದಳು. ಆಮೇಲೆ ನಕ್ಕಳು. ಹತ್ತು ಸೆಕೆಂಡು ನಕ್ಕಳು.

“ನಗ್ಬ್ಯಾಡ ಕಣೆ. ಬೋರ್ಡು ವೊಂಟೋಯ್ತದೆ.”

“ಎಂಗೂ ಕ್ಯಾಮ್ರಾ ಇದ್ಯಲ್ಲ, ನೋಡ್ತಿರಿ. ಬೋರ್ಡು ಓಗೋದು ಚೆನ್ನಾಗಿ ಕಾಣ್ತದೆ.”

“ಸುನಿ!”

“ಸುಮ್ಕಿರಿ. ಅಪ್ಪನ ಗದ್ದೇಲಿ ಕಬ್ಬು ಕಡಿಯೋರು ನಲವತ್ತೆಂಟು ಜನ ಅವ್ರೆ. ಇನ್ನೂ ಊಟಕ್ಕೆ ಬಿಟ್ಟಿಲ್ಲ. ನಿನ್ನೆ ಮಿಲ್ಲು ಮಾಡ್ಸಿದ ರಾಗಿ ಇಟ್ಟೂ ಎರಡು ಮೂಟೆ ಮನೇಲದೆ. ಪುಡಿ ಇಟ್ಟು ಕಣ್ರೀ, ಪುಡಿ. ನೀವು ನಿಧಾನಕ್ಕೆ ಬನ್ನಿ.”

ಹನ್ನೆರಡು ಐವತ್ತೆಂಟಕ್ಕೆ ದಿಲೀಪ್ ಪಾಂಡವಪುರ ತಲುಪಿದಾಗ ಅಂಗಡಿಯ ಮುಂದೆ ಮಾವ ಕರಿಯಪ್ಪನವರ ಟ್ರಾಕ್ಟರು ನಿಂತಿತ್ತು. ಒಳಗೆ ಕಾಲಿಡಲು ಜಾಗವಿರಲಿಲ್ಲ. ಕಬ್ಬಿನ ಸಿಪ್ಪೆ ಕೂದಲಲ್ಲಿದ್ದಂತೆಯೇ ಗಂಡಸರು ಹೆಂಗಸರು ಸಾಲಾಗಿ ಕೂತು, ಅಗಿಯದೆ, ಮಾತಿಲ್ಲದೆ, ನುಂಗುತ್ತಿದ್ದರು. ಸುನಿತಾ ಸೆರಗು ಸಿಕ್ಕಿಸಿಕೊಂಡು ಸಾರು ಬಡಿಸುತ್ತಿದ್ದಳು. ಸಾರು ಮಾತ್ರ ಪ್ರತಿ ಸುತ್ತಿಗೂ ತೆಳ್ಳಗಾಗುತ್ತಿತ್ತು. ಅದಕ್ಕೆ ಯಾರೂ ಲ್ಯಾಕ್ಟೋಮೀಟರ್ ಇಳಿಸದಿದ್ದದ್ದು ಪುಣ್ಯ.

ದಿಲೀಪ್ ನುಗ್ಗಿ ಕೌಂಟರಿಗೆ ಹೋದ. ಪವಿತ್ರ ತಲೆ ಎತ್ತದೆ ಹೇಳಿದಳು:

“ಅಣ್ಣ, ಲೈನಲ್ಲಿ ಬನ್ನಿ.”

“ನಾನು ಓನರು.”

“ಓನರ್ ಅಕ್ಕ ಸಾರು ಬಡುಸ್ತಾವ್ರೆ. ನೀವು ಲೈನಲ್ಲಿ ಬನ್ನಿ.”

ಅವನು ಫೋನು ತೆಗೆದು ಸಿಂಹ ತೋರಿಸಿದ. ಪವಿತ್ರ ಸಿಂಹವನ್ನೂ ಅವನನ್ನೂ ಎರಡೆರಡು ಸಲ ನೋಡಿ, “ಅಯ್ಯೋ ಸಾ, ನೀವಾ? ನಾವು ಒಸಿ ದಪ್ಪಗಿರ್ತೀರ ಅಂದ್ಕಂಡಿದ್ವಿ” ಎಂದು ಒಂದು ಬಕೆಟ್ಟು ಕೈಗೆ ಕೊಟ್ಟಳು. “ನೀರು ಬಡ್ಸಿ.”

ಒಂದು ಗಂಟೆ ಹತ್ತು ನಿಮಿಷಕ್ಕೆ ಕಂಪನಿಯ ಅಧಿಕಾರಿ ಬಂದರು. ಹೆಸರು ಸಹನ, ಹೆಸರನ್ನು ಪರೀಕ್ಷೆಗೆ ಒಡ್ಡುವ ದಿನ ಅದಾಗಿತ್ತು.

“ಶುಭದಿನ, ದುಂಡುಮುದ್ದೆಗೆ ಸ್ವಾಗತ” ಎಂದ ಕುಳ್ಳಯ್ಯ, ಒಂದೇ ಉಸಿರಿಗೆ.

“ಹಿಟ್ಟು ಎಲ್ಲಿದೆ?”

ಕುಳ್ಳಯ್ಯ ಹೆಮ್ಮೆಯಿಂದ ಟೇಬಲ್ಲುಗಳ ಕಡೆ ಕೈ ಬೀಸಿದ. “ಐವತ್ತು ಕೇಜಿ ಕಣವ್ವ. ಅರ್ಧಕ್ಕರ್ಧ ಒಳೀಕೆ ಓಗ್ಬುಟ್ಟದೆ. ನೋಡ್ಬೇಕು ಅಂದ್ರೆ ಎಲ್ರುನ್ನೂ ತೂಕಕ್ಕೆ ನಿಲ್ಲಿಸ್ಬೇಕು.”

ಸಹನ ಸಹನೆಯಿಂದಲೇ ಇನ್ನೊಮ್ಮೆ ಕೇಳಿದರು. ಸುನಿತಾ ಬಂದು, ಒಳಗೆ ಗೋಡೆಗೊರಗಿದ್ದ ಎರಡು ಮೂಟೆಗಳನ್ನು ತೋರಿಸಿ, ನಡೆದದ್ದನ್ನು ನಡೆದ ಹಾಗೆ ಹೇಳಿದಳು. ದಿಲೀಪ್ ನೀರಿನ ಬಕೆಟ್ಟಿನ ಹಿಂದೆ ಆದಷ್ಟು ಕಡಿಮೆ ಜಾಗ ಹಿಡಿಯುವಂತೆ ನಿಂತಿದ್ದ. ಸಹನ ಮೂಟೆ ತೂಗಿಸಿದರು: ಐವತ್ತಕ್ಕೆ ಮೇಲೆ ಎರಡು ಕೆ.ಜಿ. ಇತ್ತು. ಅಂಗಡಿ ತುಂಬಿದ್ದನ್ನು ನಾಲ್ಕು ಫೋಟೊ ತೆಗೆದರು. ನಾಲ್ಕರಲ್ಲೂ ನಡುವೆ ಸುನಿತಾ. ಒಂದರ ಅಂಚಿನಲ್ಲಿ ಬಕೆಟ್ಟು ಹಿಡಿದ ಕೈ.

“ನಿಮ್ಮ ಓನರಿಗೆ ಇಲ್ಲಿ ಹಿಟ್ಟು ಅಂದರೆ ಮುದ್ದೆ ಅಂತ ಗೊತ್ತಿಲ್ಲವಾ?” ಎಂದು ನಗುತ್ತ ಕೇಳಿ, ಆಕೆಯೂ ಎರಡು ಮುದ್ದೆ ಉಂಡರು. ಬಸ್ ನಿಲ್ದಾಣದಿಂದ ಕಂಡಕ್ಟರುಗಳು ಬಂದರು, ಡ್ರೈವರುಗಳು ಬಂದರು. ಎಲ್ಲವೂ ಮಂಗಳವಾಗಿ ಮುಗಿಯಿತೆಂದು ದಿಲೀಪ್ ಬಕೆಟ್ಟು ಕೆಳಗಿಟ್ಟ.

ಎರಡು ಗಂಟೆಗೆ ಸಹನ ಟೇಬಲ್ಲುಗಳ ಸುತ್ತ ಒಂದು ಸುತ್ತು ಬಂದು ನಿಂತರು.

“ಕೊನೆಯ ಮುದ್ದೆ ಒಲೆಯಿಂದ ಇಳಿದದ್ದು ಹನ್ನೆರಡು ಇಪ್ಪತ್ತಕ್ಕೆ. ಎರಡು ಇಪ್ಪತ್ತಕ್ಕೆ ಒಂದೂ ಉಳಿಯಬಾರದು. ನಿಯಮ ಮೂವತ್ತೊಂದು. ನನಗೆ ಬೇಜಾರೇ, ಆದರೆ ಉಳಿದರೆ ಮೂರನೇ ಗುರುತು ಹಾಕಲೇಬೇಕು.”

ಮೂಲೆಯ ತಟ್ಟೆಯಲ್ಲಿ ಮುದ್ದೆಗಳು ಉಳಿದಿದ್ದವು. ಒಂದಲ್ಲ, ಎರಡಲ್ಲ.

ದಿಲೀಪ್ ಕಬ್ಬು ಕಡಿಯುವವರ ಕಡೆ ನೋಡಿದ. ಅವರು ಸೊಂಟದ ಪಟ್ಟಿ ಸಡಿಲಿಸಿಕೊಂಡು ಗೋಡೆಗೊರಗಿದ್ದರು. ಕುಳ್ಳಯ್ಯನ ಕಡೆ ನೋಡಿದ.

“ನನ್ ಕೈಲಾಗಲ್ಲ ಸಾ. ಬೆಳಿಗ್ಗೆಯಿಂದ ರುಚಿ ನೋಡಿ ನೋಡಿ ಸಾಕಾಗ್ಬುಟ್ಟದೆ.”

“ಮಾವ, ನೀವಾದ್ರೂ...”

ಕರಿಯಪ್ಪನವರು ಟವಲಿನಿಂದ ಮೀಸೆ ಒರೆಸಿಕೊಂಡರು. “ನಾನು ಉಂಡಾಯ್ತು. ನೀವಿನ್ನೂ ಉಂಡಿಲ್ಲವಲ್ಲ ಅಳೀಮಯ್ಯ?”

ಅಂಗಡಿಯೆಲ್ಲ ಅವನ ಕಡೆ ತಿರುಗಿತು. ಏಳು ತಿಂಗಳಲ್ಲಿ ಅವನು ತನ್ನ ಅಂಗಡಿಯ ಒಂದು ತುತ್ತನ್ನೂ ಉಂಡಿರಲಿಲ್ಲ ಎಂಬುದು ಆಗ ಅವನಿಗೇ ಹೊಳೆಯಿತು. ಸುನಿತಾ ಚಾಪೆ ಹಾಸಿದಳು. ತಟ್ಟೆ ಇಟ್ಟಳು. ಉಳಿದಿದ್ದ ಮುದ್ದೆಗಳನ್ನೆಲ್ಲ ಅದರಲ್ಲಿ ದುಂಡಗೆ ಜೋಡಿಸಿ, ಸಾರು ಬಿಟ್ಟಳು.

“ಇಷ್ಟೊಂದು ನನ್ ಕೈಲಿ ಆಯ್ತದಾ ಸುನಿ?”

“ಯಾಕಾಗಲ್ಲ? ಮೇಡಂ ಕೇಳುದ್ರಲ್ಲ, ಇವ್ರಿಗೆ ಇಟ್ಟು ಅಂದ್ರೆ ಮುದ್ದೆ ಅಂತ ಗೊತ್ತಿಲ್ವಾ ಅಂತ? ಅಪ್ಪ, ನೀವೇ ಯೋಳಿ.”

ಕರಿಯಪ್ಪನವರು ಅಧಿಕಾರಿಯ ಕಡೆ ತಿರುಗಿದರು. “ಚೆನ್ನಾಗಿ ಗೊತ್ತು ಕಣವ್ವ. ಹೆಣ್ ನೋಡಕ್ ಬಂದಿದ್ದಾಗ ಆಳು ಒಸಿ ಸಣ್ಣಕವ್ರೆ ಅಂತ ನನಗೆ ಅನುಮಾನ. ಅದ್ಕೆ ನಡುಮನೇಲಿ, ಎಲ್ರ ಮುಂದೇನೇ ಕೇಳ್ದೆ, ಒಂದೊತ್ತಿಗೆ ಎಷ್ಟು ಇಟ್ಟು ಉಣ್ತೀರಪ್ಪ ಅಂತ. ಒಂದು ಗಳಿಗೆನೂ ಯೋಚ್ನೆ ಮಾಡ್ನಿಲ್ಲ. ಎದೆ ಸೆಟೆಸಿ, ಬೀದಿಗೆ ಕೇಳೋ ಅಂಗೆ ಯೋಳುದ್ರು.”

“ಏನಂತ?” ಎಂದರು ಸಹನ, ಗಡಿಯಾರ ನೋಡುತ್ತ.

ದಿಲೀಪ್ ತಟ್ಟೆಯ ಮುದ್ದೆ ಎಣಿಸಿದ. ಬಲಗಡೆಯಿಂದ ಒಮ್ಮೆ, ಎಡಗಡೆಯಿಂದ ಒಮ್ಮೆ. ಎರಡು ಸಲವೂ ಒಂದೇ ಉತ್ತರ ಬಂತು; ಅವತ್ತು ಮಾವನ ನಡುಮನೆಯಲ್ಲಿ ಅವನ ಬಾಯಿಂದ ಬಂದದ್ದೂ ಅದೇ.

“ಆರು.”