ನಮ್ಮ ಹೈಸ್ಕೂಲಿನ ರೋಬಪ್ಪ

ಯಂತ್ರ ಕೆಟ್ಟರೆ ಬಿಚ್ಚಿ ನೋಡಬಹುದು. ಅದರ ಸುತ್ತ ನಿಂತ ಮನುಷ್ಯರನ್ನು ಏನು ಮಾಡೋದು ಅನ್ನೋದು ಇಷ್ಟು ವರ್ಷ ಪಾಠ ಹೇಳಿದರೂ ನನಗೆ ತಿಳಿಯಲಿಲ್ಲ. ಚಿಕ್ಕಜಾಜೂರಿನಲ್ಲಿ ಬಸ್ಸಿಳಿದು ಅರ್ಧ ಗಂಟೆ ನಡೆದರೆ ಸಿಗುವ ಒಂದು ಹೈಸ್ಕೂಲಿಗೆ ನಾನು ವಿಜ್ಞಾನದ ಮೇಡಂ. ತೊಂಬತ್ತರ ದಶಕದ ಕೊನೆಯಲ್ಲಿ ಒಂಬತ್ತನೇ ಕ್ಲಾಸಿನ ಆರು ಮಕ್ಕಳು ಬಂದು, "ಮೇಡಂ, ನಾವೊಂದು ರೋಬೋ ಮಾಡಾಣ" ಅಂದರು. ನಾನು ಹೂಂ ಅಂದೆ. ನಾನು ಮಾಡಿದ್ದು ಅಷ್ಟೇ. ಮಿಕ್ಕಿದ್ದೆಲ್ಲ ತಾನೇ ಆಗುತ್ತಾ ಹೋಯಿತು.

೧. ತಂಡ ಅಂದಮೇಲೆ

ನೋಟೀಸ್ ಬೋರ್ಡಿಗೆ 'ಶಾಲಾ ರೋಬೋ ತಂಡ' ಅಂತ ಬರೆದು ಹಾಕಿದ್ದೇ ತಪ್ಪಾಯಿತು. ಹೆಡ್ಮಾಸ್ಟರು 'ತಂಡ' ಅನ್ನೋದನ್ನಷ್ಟೇ ಓದಿ ಕಾಗದವನ್ನು ಪಿ.ಟಿ. ಮೇಷ್ಟ್ರಿಗೆ ಕಳಿಸಿದರು. ಮೇಷ್ಟ್ರು ಕೊರಳಲ್ಲಿ ಸೀಟಿ ಹಾಕಿಕೊಂಡೇ ನನ್ನ ಹತ್ತಿರ ಬಂದರು.

"ಮೇಡಂ, ಒಂದು ಸೈಡಿಗೆ ಎಷ್ಟು ಜನ ಆಡ್ತಾರ್ರಿ?"

"ಆಡೋದಲ್ಲ ಸಾರ್, ಮಾಡೋದು. ಮಕ್ಕಳು ಒಂದು ಮಷೀನು ಮಾಡ್ತಾರೆ, ಅದು ಓಡುತ್ತೆ, ಇವರು ನಿಂತು ನೋಡ್ತಾರೆ."

"ಹಂಗಾರೆ ಮಕ್ಕಳು ಓಡಂಗೇ ಇಲ್ಲ?"

"ಇಲ್ಲ ಸಾರ್."

ಇದು ಅವರಿಗೆ ಒಪ್ಪಿಗೆಯಾಗಲಿಲ್ಲ. ಮಾರನೇ ದಿನದಿಂದಲೇ ಆರೂ ಜನಕ್ಕೆ ಹಳೇ ಖೋ-ಖೋ ಬನಿಯನ್ ಹಾಕಿಸಿ, ದಿನಾ ಬೆಳಗ್ಗೆ ಮೈದಾನ ಸುತ್ತಿಸಿದರು. "ಮಷೀನು ಓಡ್ಲಿ ಬಿಡ್ಲಿ, ನನ್ನ ತಂಡ ಓಡ್ಬೇಕು" ಅಂದರು. ಮೂರು ತಿಂಗಳಾದರೂ ನಮ್ಮ ರೋಬೋ ಇದ್ದ ಜಾಗದಿಂದ ಒಂದು ಇಂಚು ಕದಲಲಿಲ್ಲ. ಆದರೆ ಅದನ್ನು ಮಾಡುತ್ತಿದ್ದ ಮಕ್ಕಳಲ್ಲಿ ಇಬ್ಬರು ಎಂಟುನೂರು ಮೀಟರ್ ಓಟಕ್ಕೆ ತಾಲ್ಲೂಕು ಮಟ್ಟಕ್ಕೆ ಆಯ್ಕೆಯಾದರು.

೨. ಹಾಡದ ಟೇಪು

ಕದಲದೇ ಇದ್ದದ್ದು ಮೋಟಾರು ಇಲ್ಲದೆ. ತಂಡದ ಮುಂದಾಳು ಒಬ್ಬಳು ಹುಡುಗಿ, ಕುರಿ ಸಾಕುವ ಮನೆಯವಳು. ಅವಳು ಒಂದು ಶನಿವಾರ ಪುಟ್ಟ ಮೋಟಾರು ತಂದಳು. ಎಲ್ಲಿಂದ ಅಂತ ನಾನು ಕೇಳಲಿಲ್ಲ, ಖುಷಿಯಲ್ಲಿದ್ದೆ. ಹಳೇ ಕರಿಹಲಗೆಯನ್ನು ನೆಲಕ್ಕೆ ಹಾಸಿ ಸೀಮೆಸುಣ್ಣದಲ್ಲಿ ಗೆರೆ ಎಳೆದರೆ, ಆ ಬಿಳಿ ಗೆರೆಯ ಮೇಲೇ ಹೋಗುವ ಪುಟಾಣಿ ಗಾಡಿ ತಯಾರಾಯಿತು. ಮಕ್ಕಳು ಅದಕ್ಕೆ ರೋಬಪ್ಪ ಅಂತ ಹೆಸರಿಟ್ಟರು.

ಸೋಮವಾರ ಅವಳಪ್ಪ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಂದು, ನನ್ನ ಮೇಜಿನ ಮೇಲೆ ಟೇಪ್ ರೆಕಾರ್ಡರ್ ಇಟ್ಟ.

"ಮೇಡಮ್ಮಾರೆ, ಇದು ಹಾಡ್ತಿಲ್ಲ. ನೀವು ಸೈನ್ಸ್ ಅಂತೆ, ಒಂದೀಟು ನೋಡ್ರಿ."

ಬಿಚ್ಚಿದೆ. ಮೋಟಾರು ಇರಬೇಕಾದ ಜಾಗ ಖಾಲಿ. ಹುಡುಗಿ ನೆಲ ನೋಡುತ್ತಿದ್ದಳು. ಇವತ್ತು ಇವಳ ಸ್ಕೂಲು ಬಿಡಿಸುತ್ತಾನೆ ಅಂದುಕೊಂಡೆ. ಆದರೂ ಸುಳ್ಳು ಹೇಳಲಾರದೆ ಅವನನ್ನು ಕರಿಹಲಗೆಯ ಹತ್ತಿರ ಕರೆದುಕೊಂಡು ಹೋಗಿ, ಮೋಟಾರು ಇದರೊಳಗಿದೆ ಅಂತ ರೋಬಪ್ಪನನ್ನು ಓಡಿಸಿ ತೋರಿಸಿದೆ. ಕುಕ್ಕರಗಾಲಲ್ಲಿ ಕೂತು ನೋಡಿದ.

"ಗೆರೆ ದಾಟಲ್ಲ ಅನ್ರಿ ಇದು?"

"ದಾಟಲ್ಲಪ್ಪ."

"ಹಂಗಾರೆ ನನ್ನ ಟಗರಿಗಿಂತ ವಾಸಿ. ಇಟ್ಕಳ್ರಿ." ಎದ್ದು ಬಾಗಿಲವರೆಗೆ ಹೋದವನು ತಿರುಗಿ ನಿಂತ. "ಓಡೋದು ಕಲ್ಸಿದ್ದು ಸಾಕು ಮೇಡಮ್ಮಾರೆ, ಜಲ್ದಿ ಹಾಡೋದೂ ಕಲ್ಸಿ. ಟೇಪು ನಿಂತಾಗ್ಲಿಂದ ಇವಳವ್ವ ನನಗೇ ಹಾಡು ಅಂತಾಳೆ."

೩. ದಾರಿ ತಪ್ಪಿದ ರೋಬಪ್ಪ

ಚಿತ್ರದುರ್ಗದಲ್ಲಿ ವಿಜ್ಞಾನ ವಸ್ತುಪ್ರದರ್ಶನ. ಹೊರಡುವ ಮುಂಚೆ ಹೆಡ್ಮಾಸ್ಟರು ಕರೆದು, "ಬಹುಮಾನ ಬಂದ್ರೆ ಮುಂದುವರ್ಸ್ರಿ. ಬರದಿದ್ರೆ ಈ ಆಟ ನಿಲ್ಸಿ ಎಸ್ಸೆಸ್ಸೆಲ್ಸಿ ರಿಸಲ್ಟ್ ನೋಡ್ಕಳ್ರಿ" ಅಂದಿದ್ದರು.

ಅಲ್ಲಿ ಸಭಾಂಗಣದ ನೆಲ ಪೂರ್ತಿ ಕಪ್ಪು ಕಡಪಾ ಕಲ್ಲು. ಬಾಗಿಲ ಹತ್ತಿರವೇ ಉದ್ಘಾಟನೆಗೆ ಹಚ್ಚಿದ ದೀಪದ ಕಂಬ, ಅದರ ಸುತ್ತ ದೊಡ್ಡ ರಂಗೋಲಿ. ನಮ್ಮ ಹುಡುಗಿ ಬ್ಯಾಟರಿ ನೋಡೋಣ ಅಂತ ರೋಬಪ್ಪನನ್ನು ಕೆಳಗಿಟ್ಟು ಸ್ವಿಚ್ ಹಾಕಿದಳು. ಕಪ್ಪು ನೆಲ, ಬಿಳಿ ಗೆರೆ. ರೋಬಪ್ಪನಿಗೆ ಇನ್ನೇನು ಬೇಕು? ಸೀದಾ ರಂಗೋಲಿ ಹತ್ತಿ ದೀಪ ಸುತ್ತತೊಡಗಿತು. ಒಂದು ಸುತ್ತು, ಎರಡು ಸುತ್ತು. ಹಿಡಿಯಲು ಹೋದರೆ ರಂಗೋಲಿ ತುಳಿಯಬೇಕು. ಅಷ್ಟರಲ್ಲಿ ತೀರ್ಪುಗಾರರು ಬಂದೇಬಿಟ್ಟರು, ವಿಭೂತಿ ಧರಿಸಿದ ವಯಸ್ಸಾದ ಲೆಕ್ಚರರು. ಮೂರನೇ ಸುತ್ತಿಗೆ ಅವರು ಚಪ್ಪಲಿ ಬಿಟ್ಟು ನಿಂತರು.

"ಏನಮ್ಮ ಇದು?" ಅಂದರು.

ಸುಳ್ಳು ಬಾರದ ಹುಡುಗಿ. "ದಾರಿ ತಪ್ಪೈತೆ ಸಾರ್" ಅಂದಳು.

"ತಪ್ಪಿದ್ರೂ ದೇವರ ಕಡೆಗೇ ಹೋಗಿದೆಯಲ್ಲಮ್ಮ" ಅಂತ ಅಲ್ಲೇ ಏನೋ ಬರೆದುಕೊಂಡರು. ಎರಡನೇ ಬಹುಮಾನ ಬಂತು. ಮಾತಾಡುವ ರೋಬೋ ತಂದಿದ್ದ ಪೇಟೆಯ ಶಾಲೆಯವರು ಅದಕ್ಕೆ ಕೈ ಮುಗಿಯೋದು ಹೇಗೆ ಕಲಿಸೋದು ಅಂತ ನನ್ನನ್ನು ಕೇಳಿಕೊಂಡು ಬಂದರು.

೪. ಬೋರ್ಡು

ಆ ಹುಡುಗಿ ಐ.ಟಿ.ಐ. ಮಾಡಿ, ಎರಡು ಸಾವಿರದ ಈಚೆಗೆ ಹೊಸದುರ್ಗದಲ್ಲಿ ಮೋಟಾರ್ ರಿಪೇರಿ ಅಂಗಡಿ ಹಾಕಿದಳು. ನೋಡಲು ಹೋದೆ. ಬೋರ್ಡಿನಲ್ಲಿ 'ಇಲ್ಲಿ ಪಂಪ್‌ಸೆಟ್, ಮಿಕ್ಸಿ, ರೋಬೋ ರಿಪೇರಿ ಮಾಡಲಾಗುವುದು' ಅಂತ ಬರೆಸಿದ್ದಳು. ನನಗೆ ಕಣ್ಣು ತುಂಬಿ ಬಂತು.

"ರೋಬೋ ಎಷ್ಟು ಬರ್ತಾವಮ್ಮ?" ಅಂದೆ.

"ಇಲ್ಲೀವರೆಗೂ ಒಂದೂ ಬಂದಿಲ್ಲ ಮೇಡಂ" ಅಂದಳು, ಕೈ ಒರೆಸಿಕೊಳ್ಳುತ್ತಾ. "ನಾವು ಅಷ್ಟು ಗಟ್ಟಿ ಮಾಡಿದ್ವಲ್ಲ."

೫. ಹಾರ

ಅವಳ ನಂತರ ಬಂದ ಮಕ್ಕಳು ಆಳೆತ್ತರದ ದೊಡ್ಡ ರೋಬಪ್ಪನನ್ನು ಮಾಡಿದರು. ಹಳೇ ಲಾರಿಯ ವೈಪರ್ ಮೋಟಾರು, ಅದೇ ಲಾರಿಯ ಬ್ಯಾಟರಿ, ತಲೆಗೆ ಅಲ್ಯೂಮಿನಿಯಂ ಬೋಗುಣಿ. ಗುಂಡಿ ಒತ್ತಿದರೆ ನಾಲ್ಕು ಹೆಜ್ಜೆಯಷ್ಟು ದೂರ ಉರುಳಿಕೊಂಡು ಬಂದು, ಮುಂದೆ ನಿಂತವರ ಕೊರಳಿಗೆ ಹಾರ ಹಾಕುತ್ತಿತ್ತು.

ವಾರ್ಷಿಕೋತ್ಸವಕ್ಕೆ ಮುಖ್ಯ ಅತಿಥಿಯಾಗಿ ಹಿರಿಯೂರಿನಿಂದ ಒಬ್ಬ ನಿವೃತ್ತ ಹಿರಿಯರನ್ನು ಕರೆಸಿದ್ದೆವು. ಬಹಳ ಒಳ್ಳೆಯವರು. ಮೈಕು ಸಿಕ್ಕರೆ ಮಾತ್ರ ಬಿಡುತ್ತಿರಲಿಲ್ಲ. ಅವರ ಭಾಷಣ ಮುಗಿದ ಮೇಲೆ ರೋಬಪ್ಪ ಹಾರ ಹಾಕಬೇಕು, ಆಮೇಲೆ ವಂದನಾರ್ಪಣೆ, ಆಮೇಲೆ ಮಕ್ಕಳ ಡ್ಯಾನ್ಸು ಅಂತ ನಿಗದಿಯಾಗಿತ್ತು. ಗುಂಡಿಯ ಪೆಟ್ಟಿಗೆಯನ್ನು ಹೆಡ್ಮಾಸ್ಟರು, "ನನ್ನ ಹತ್ರ ಇರ್ಲಿ ಕೊಡ್ರಿ" ಅಂತ ತೊಡೆ ಮೇಲೆ ಇಟ್ಟುಕೊಂಡು ಕೂತರು.

ಮುಕ್ಕಾಲು ಗಂಟೆಯಾಗಿತ್ತು. ಅತಿಥಿಗಳು ತಮ್ಮ ಬಾಲ್ಯದ ಕತೆಯಲ್ಲಿ ಇನ್ನೂ ಐದನೇ ಕ್ಲಾಸಿನಲ್ಲಿದ್ದರು. ಡ್ಯಾನ್ಸಿನ ಮಕ್ಕಳ ಮುಖದ ಬಣ್ಣ ಬೆವರಿಗೆ ಇಳಿಯುತ್ತಿತ್ತು. ಹೆಡ್ಮಾಸ್ಟರಿಗೆ ತೂಕಡಿಕೆ ಬಂತು. ತಲೆ ವಾಲಿತು, ಮೊಣಕೈ ಗುಂಡಿಯ ಮೇಲೆ ಬಿತ್ತು. ರೋಬಪ್ಪ ಗರಗರ ಸದ್ದು ಮಾಡುತ್ತಾ ಹೋಗಿ, "ಆಗ ನಮ್ಮ ಗುರುಗಳು ನನ್ನನ್ನು ಕರೆದು..." ಅನ್ನುತ್ತಿದ್ದವರ ಕೊರಳಿಗೆ ಹಾರ ಹಾಕಿಬಿಟ್ಟಿತು. ಮುಗಿಯಿತು ಅಂತ ಊರಿಗೆ ಊರೇ ಚಪ್ಪಾಳೆ ಹೊಡೆಯಿತು. ವಂದನಾರ್ಪಣೆಯವನು ಮೈಕು ಹಿಡಿದುಕೊಂಡ. ಆ ಗುರುಗಳು ಕರೆದು ಏನು ಹೇಳಿದರೋ ಇವತ್ತಿಗೂ ಗೊತ್ತಿಲ್ಲ.

ಸುದ್ದಿ ಹಬ್ಬಿತು. ಭರಮಸಾಗರದಿಂದ, ಶ್ರೀರಾಂಪುರದಿಂದ ಶಾಲೆಗಳವರು ಬಂದು, "ನಿಮ್ಮ ರೋಬಪ್ಪನ್ನ ಒಂದಿನ ಕಳ್ಸಿಕೊಡ್ರಿ" ಅಂತ ಕೇಳತೊಡಗಿದರು. ವಿಜ್ಞಾನದ ಮೇಲೆ ಇಷ್ಟು ಪ್ರೀತಿಯೇ ಅಂತ ಮೊದಮೊದಲು ನಾನೂ ಹಿಗ್ಗಿದೆ. ಆಮೇಲೆ ನೋಡಿದರೆ ಎಲ್ಲರೂ ವಾರ್ಷಿಕೋತ್ಸವಕ್ಕೇ ಕೇಳುತ್ತಿದ್ದರು.

ಎಷ್ಟೋ ವರ್ಷದ ಮೇಲೆ ಅದೇ ಹಿರಿಯರು ಮತ್ತೆ ನಮ್ಮಲ್ಲಿಗೆ ಅತಿಥಿಯಾಗಿ ಬಂದರು. ವೇದಿಕೆ ಹತ್ತಿದವರೇ ಮೂಲೆಯಲ್ಲಿ ನಿಂತಿದ್ದ ರೋಬಪ್ಪನನ್ನು ನೋಡಿ ಒಂದು ಗಳಿಗೆ ನಿಂತರು. ಮೈಕಿನ ಮುಂದೆಯೂ ಒಂದು ಕಣ್ಣು ಮೂಲೆಯ ಕಡೆಗೇ ಇತ್ತು. ಹುಟ್ಟಿದ್ದು ಹೇಳಿದರು, ಓದಿದ್ದು ಹೇಳಿದರು, ಮಕ್ಕಳಿಗೆ ಒಳ್ಳೆಯದಾಗಲಿ ಅಂದರು, ಆರೇ ನಿಮಿಷಕ್ಕೆ ಕೆಳಗಿಳಿದರು. ಇಳಿದವರು ನನ್ನ ಹತ್ತಿರ ಬಂದು ಮೆಲ್ಲಗೆ ಅಂದರು: "ಮೇಡಂ, ಇವತ್ತು ಟೈಮಿಗೆ ಮುಗಿಸಿದೀನಿ. ಅದಕ್ಕೊಂದು ಮಾತು ಹೇಳಿಬಿಡ್ರಿ."

ರೋಬಪ್ಪನ ಬ್ಯಾಟರಿಯನ್ನು ನಮ್ಮ ಜವಾನ ಬಿಚ್ಚಿಕೊಂಡು ಹೋಗಿ ನಾಲ್ಕು ವರ್ಷವಾಗಿತ್ತು.

"ಹೇಳ್ತೀನಿ ಸಾರ್" ಅಂದೆ.