ಬೇಡ ಎಂದವಳ ಕುರ್ಚಿ

ಮಕ್ಕಳೇ, ನಿಮ್ಮ ಅಜ್ಜಿಗೆ ಒಂದು ಕೆಟ್ಟ ಅಭ್ಯಾಸ ಉಂಟು: ಬೇಕಾದದ್ದಕ್ಕೆಲ್ಲ ಮೊದಲು ಬೇಡ ಎನ್ನುವುದು. ನನ್ನೊಬ್ಬಳದಲ್ಲ, ನಮ್ಮ ತೋಡಾರಿನ ಹೆಂಗಸರೆಲ್ಲರದೂ ಅದೇ ಕಥೆ. ನೆಂಟರ ಮನೆಯಲ್ಲಿ ಇನ್ನೊಂದು ನೀರುದೋಸೆ ಬಂದರೆ ತಟ್ಟೆಗೆ ಕೈ ಅಡ್ಡ ಹಿಡಿಯುತ್ತೇವೆ. ಬೆರಳಿನ ಸಂದಿಯಲ್ಲಾದರೂ ಹಾಕಿಯೇ ಹಾಕುತ್ತಾರೆಂಬ ಭರವಸೆಯಿಂದ. ಹಾಕದಿದ್ದರೆ ಆ ಮನೆಯವರನ್ನು ಹತ್ತು ವರ್ಷ ನೆನಪಿಟ್ಟುಕೊಳ್ಳುತ್ತೇವೆ.

ಮಹಿಳಾ ಮಂಡಲದ ಅಧ್ಯಕ್ಷತೆಯೂ ನನಗೆ ಹೀಗೆಯೇ ಬಂದದ್ದು. ನಿಮ್ಮ ಅಜ್ಜ ತೀರಿಹೋದ ಮರುವರ್ಷ, ನಾನು ಮನೆಯಲ್ಲೇ ಕೂತು ಮಂಕಾಗುತ್ತೇನೆಂದು ನೆರೆಮನೆಯ ಗುಲಾಬಿ ಅಲ್ಲಿಗೆ ಎಳೆದುಕೊಂಡು ಹೋದಳು. ನಾಲ್ಕು ಜನರ ಮುಂದೆ ನಿಂತರೆ ನಾಲಿಗೆ ಒಣಗುವ ನಾನು, ಯಾರೊಡನೆಯೂ ಜಗಳವಾಡಿಲ್ಲ ಎಂಬ ಒಂದೇ ಅರ್ಹತೆಯಿಂದ ಅಧ್ಯಕ್ಷೆಯಾದೆ. ಕೆಲಸ ಹೆಚ್ಚೇನಿಲ್ಲ. ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ಸಭೆ. ಅಲ್ಲಿದ್ದ, ಕೈಗಳಿರುವ ಒಂದೇ ಒಂದು ಕುರ್ಚಿ ನನಗೆ. ಆಗಸ್ಟ್ ಹದಿನೈದಕ್ಕೆ ಧ್ವಜದ ಹಗ್ಗವೂ ನನಗೇ. ಪ್ರತಿವರ್ಷ ಮಹಾಸಭೆಯಲ್ಲಿ ಎದ್ದು, "ನನ್ನಿಂದ ಇನ್ನು ಆಗುದಿಲ್ಲ, ಬೇರೆ ಯಾರನ್ನಾದ್ರೂ ಮಾಡಿ" ಎನ್ನುತ್ತಿದ್ದೆ. "ಎಂತ ಅಕ್ಕ ನೀವು! ನೀವಿಲ್ಲದೆ ಹೇಗೆ ಆಗ್ತದೆ?" ಎಂದು ಗುಲಾಬಿ ಬೈಯುತ್ತಿದ್ದಳು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಹನ್ನೆರಡು ವರ್ಷ ಹೀಗೇ ನಡೆಯಿತು.

ಶ್ರೇಯಾ, ಕಳೆದ ವರ್ಷ ನಿನ್ನ ಕಾಲೇಜಿನ ಚರ್ಚಾಸ್ಪರ್ಧೆಗೆ, ರಾಜಕೀಯ ನಾಯಕರಿಗೆ ವಯಸ್ಸಿನ ಮಿತಿ ಬೇಕೇ ಎಂಬ ವಿಷಯ ಕೊಟ್ಟಿದ್ದರಲ್ಲ. ನೀನು ಅದನ್ನು ಹೇಳುವಾಗ ಟಿವಿಯಲ್ಲಿ ಒಬ್ಬ ನಾಯಕರನ್ನು ಇಬ್ಬರು ತೋಳು ಹಿಡಿದು ವೇದಿಕೆ ಹತ್ತಿಸುತ್ತಿದ್ದರು. ನಾನೆಂದೆ, "ಎಪ್ಪತ್ತು ಸಾಕು. ಶಾಲೆಯ ಮಾಷ್ಟ್ರನ್ನು ಅರುವತ್ತಕ್ಕೆ ಮನೆಗೆ ಕಳಿಸ್ತಾರೆ, ಇವರಿಗೆ ಮಾತ್ರ ಎಂತದು?"

"ಅಜ್ಜಿ, ನಿಮಗೆಷ್ಟು?"

"ಎಪ್ಪತ್ತೊಂದು. ನಾನೇನು ರಾಜಕೀಯದಲ್ಲಿ ಇದ್ದೇನಾ?"

ನೀನು ನಕ್ಕದ್ದು ಯಾಕೆಂದು ನನಗೆ ಆಗ ತಿಳಿಯಲಿಲ್ಲ.

ಮರುವಾರವೇ ಮಹಾಸಭೆ. ಆ ವರ್ಷ ಹೊಸದಾಗಿ ಸೇರಿದವಳು ಮಹಾದೇವಿ, ಗದಗಿನಿಂದ ವರ್ಗವಾಗಿ ಬಂದ ಮಾಷ್ಟ್ರ ಹೆಂಡತಿ. ನಮ್ಮ ಮನೆಗೆ ಮೊದಲ ಸಲ ಬಂದಾಗ "ಇನ್ನೊಂದು ದೋಸೆ?" ಎಂದರೆ "ಹಾಕ್ರಿ" ಎಂದು ತಟ್ಟೆ ಮುಂದೆ ಮಾಡಿದವಳು. ಅಂದೇ ನಾನು ಎಚ್ಚರವಾಗಬೇಕಿತ್ತು. ಸಭೆಯಲ್ಲಿ ಎಂದಿನಂತೆ ಎದ್ದು ಎಂದಿನ ಮಾತು ಹೇಳಿದೆ. ಗುಲಾಬಿ "ಎಂತ ಅಕ್ಕ" ಎಂದು ಶುರುಮಾಡಿದ್ದಷ್ಟೇ.

"ಅಲ್ರೀ, ಅಕ್ಕಾರು ವರ್ಷಾ ವರ್ಷಾ ಆಗೂದಿಲ್ಲ ಅಂತಾರಂತ, ನೀವು ಬಿಡಂಗಿಲ್ಲಂತ. ವಯಸ್ಸಾದವ್ರನ್ನ ಹಿಂಗ ಕಾಡಬಾರ್ದ್ರೀ. ಆತು ಅಕ್ಕಾರ, ನೀವು ಆರಾಮ ಇರ್ರಿ" ಎಂದಳು ಮಹಾದೇವಿ.

ನಾನು ಗುಲಾಬಿಯ ಮುಖ ನೋಡಿದೆ. ಗುಲಾಬಿ ಗೋಡೆಯ ಅಕ್ಷರಮಾಲೆಯನ್ನು ಅ ಆ ಇ ಈ ಎಂದು ಓದತೊಡಗಿದ್ದಳು. ಯಾರೋ "ಹಾಗಾದ್ರೆ ನೀವೇ ಆಗಿ" ಎಂದರು. ಮಹಾದೇವಿ "ಆತ್ರಿ" ಎಂದಳು. ಒಂದು ಸಲವಾದರೂ ಬೇಡ ಎನ್ನಲಿಲ್ಲ!

ಅಂದಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಒಗೆದ ಬಟ್ಟೆಯನ್ನೇ ಒಗೆದೆ. ಗೇಟಿನವರೆಗೆ ಹೋಗುವುದು, ಬರುವುದು. ಸಭೆಯಲ್ಲಿ ಚಾಪೆಯ ಮೇಲೆ ಕೂತು, ಅವಳು ಕುರ್ಚಿಯ ಕೈಗಳ ಮೇಲೆ ಕೈಯನ್ನೇ ಇಡದೆ ಕೂರುವುದನ್ನು ನೋಡಿ ಸಂಕಟಪಟ್ಟೆ. ಅಂಗನವಾಡಿಯ ಸೋರುವ ನಲ್ಲಿಯನ್ನು ಮೂರು ವರ್ಷದಿಂದ "ನೋಡುವ" ಎನ್ನುತ್ತಿದ್ದೆ ನಾನು. ಅವಳು ಒಂದೇ ವಾರದಲ್ಲಿ ಸರಿಮಾಡಿಸಿದಳು. ಅದರ ಸದ್ದು ನಿಂತದ್ದೂ ನನಗೆ ಬೇಸರವೇ. ಟಿವಿಯಲ್ಲಿ ಆ ಮುದಿ ನಾಯಕರು ಮತ್ತೆ ವೇದಿಕೆ ಹತ್ತುವಾಗ, ಪಾಪ, ಇವರು ಮನೆಯಲ್ಲಿ ಕೂತು ಎಂತ ಮಾಡಬೇಕು ಅನ್ನಿಸಿತು.

ವರ್ಷದೊಳಗೆ ಮಹಾದೇವಿ ನಮ್ಮ ಊರಿನ ರೀತಿ ಕಲಿತಳು. ಈಗ ಅವಳೂ ದೋಸೆಗೆ ಕೈ ಅಡ್ಡ ಹಿಡಿಯುತ್ತಾಳೆ. ಈ ವರ್ಷದ ಮಹಾಸಭೆಯಲ್ಲಿ ಎದ್ದು ನಿಂತು ಬಹಳ ಚಂದವಾಗಿ ಹೇಳಿದಳು: "ಅಕ್ಕಾರು ನಮ್ಮ ಗೌರವಾಧ್ಯಕ್ಷರು ಆಗಬೇಕ್ರಿ. ಅವರು ಬ್ಯಾಡ ಅಂತಾರ, ಗೊತ್ತೈತಿ, ಆದ್ರೂ ಕೇಳೂದು ನಮ್ಮ..."

"ಆಗಬಹುದು" ಎಂದೆ.

ಮಹಾದೇವಿಯ ಬಾಯಿ ತೆರೆದೇ ಉಳಿಯಿತು. ಗುಲಾಬಿಗೆ ಕೆಮ್ಮು ಬಂತು. ಕೈಗಳಿರುವ ಇನ್ನೊಂದು ಕುರ್ಚಿ ತರಲು ಇಬ್ಬರು ಪಕ್ಕದ ಮನೆಗೆ ಓಡಿದರು.

ಶ್ರೇಯಾ, ಮೊನ್ನೆ ನೀನು ಫೋನಿನಲ್ಲಿ, "ಅಜ್ಜಿ, ಆ ಎಪ್ಪತ್ತು ಎಂತಾಯಿತು?" ಎಂದು ಕೇಳಿದೆಯಲ್ಲ. ಎಪ್ಪತ್ತು ಅಧ್ಯಕ್ಷರಿಗೆ ಮಗಾ. ಗೌರವಾಧ್ಯಕ್ಷರಿಗೆ ಎಷ್ಟೆಂದು ನೀನು ಆವತ್ತು ಕೇಳಲೇ ಇಲ್ಲ.