ತುರ್ಕಿ ಮೂಗಿನ ಚಿಕ್ಕಪ್ಪ

ನಮ್ಮ ಚಿಕ್ಕಪ್ಪ ತುರ್ಕಿಯವರು! ಉಡುಪಿಯ ಕಡೆಯ ಬ್ರಾಹ್ಮಣರ ಮನೆಯಲ್ಲಿ ಹುಟ್ಟಿ, ಕಲ್ಕತ್ತಾದಲ್ಲಿ ನನ್ನ ಅಪ್ಪನ ಹೋಟೆಲಿನ ಇಡ್ಲಿ ತಿಂದು ಬೆಳೆದವರು ತುರ್ಕಿಯವರು ಹೇಗಾದರು ಎನ್ನುತ್ತೀರಾ? ಮೂಗೇ ಸಾಕ್ಷಿ! ಹಡಗಿನಲ್ಲಿ ಗುಮಾಸ್ತರಾಗಿದ್ದಾಗ ಯಂತ್ರ ಕೆಟ್ಟು, ಒಂದು ಚಳಿಗಾಲವಿಡೀ ಇಸ್ತಾಂಬುಲಿನಲ್ಲಿ ರೊಟ್ಟಿ, ಮೊಸರು ತಿಂದು ಕಳೆದರಂತೆ. ಅಲ್ಲಿ ಬೀದಿ ಬೀದಿಯಲ್ಲೂ ತಮ್ಮದೇ ಮೂಗು ಕಂಡಿತಂತೆ.

"ನಿಮ್ಮ ಅಜ್ಜ ಕುಂದಾಪುರ ದಾಟಿದವರಲ್ಲ," ಎಂದು ಅಮ್ಮ ನಗುತ್ತಿದ್ದರು.

"ಅವರು ದಾಟದಿದ್ದರೆ ಎಂತ ಅತ್ತಿಗೆ? ಹಡಗಿನಲ್ಲಿ ನಮ್ಮೂರಿಗೆ ಬಂದವರೆಲ್ಲ ಬರೀ ಮೆಣಸು ಕೊಂಡು ಹೋದರಾ?"

ಹೋಟೆಲಿನ ಗಿರಾಕಿಗಳಿಗೂ ಬಿಡುಗಡೆಯಿಲ್ಲ. ಎಪ್ಪತ್ತರ ದಶಕದ ಲೋಡ್‌ಶೆಡ್ಡಿಂಗ್‌ನಲ್ಲಿ ಫ್ಯಾನು ನಿಂತರೂ ಅವರ ಬಾಯಿ ನಿಲ್ಲದು. "ಕುದುರೆ ಏರಿ ಬಂದ ತುರ್ಕರು ಗ್ರೀಕರನ್ನು ನುಂಗಿದರೋ, ಗ್ರೀಕರೇ ಇವರನ್ನು ನುಂಗಿದರೋ, ಯಾರಿಗೆ ಗೊತ್ತುಂಟು? ಒಬ್ಬನ ಅಜ್ಜಿ ಆರ್ಮೇನಿಯದವಳು, ಇನ್ನೊಬ್ಬನ ಅಜ್ಜ ಬೋಸ್ನಿಯದವನು. ಜಗತ್ತಿನಲ್ಲಿ ಶುದ್ಧ ಅಂತ ಇರುವುದು ತುಪ್ಪ ಒಂದೇ!"

"ಅದೂ ಕಲ್ಕತ್ತಾದಲ್ಲಿ ಸಿಗುವುದಿಲ್ಲ," ಎಂದು ಗಲ್ಲಾದಿಂದ ಅಪ್ಪ.

ಇದೆಲ್ಲ ತಮಾಷೆಯಾಗಿತ್ತು, ನನಗೆ ಗಂಡು ಹುಡುಕುವ ತನಕ. ತುರ್ಕಿಯಲ್ಲಿ ಹೆಣ್ಣು ಕೇಳಲು ಬಂದವನಿಗೆ ಉಪ್ಪು ಹಾಕಿದ ಕಾಫಿ ಕೊಡುತ್ತಾರಂತೆ. ಮುಖ ಸಿಂಡರಿಸದೆ ಕುಡಿದರೆ ಗಂಡು ಪಾಸು! ಚಿಕ್ಕಪ್ಪ ಯಾರಿಗೂ ಹೇಳದೆ ಕಾಫಿಗೆ ಉಪ್ಪು ಸುರಿದರು. ಬ್ಯಾಂಕಿನ ವರ ಅದನ್ನು ತನ್ನ ತಾಯಿಯ ರೇಷ್ಮೆ ಸೀರೆಯ ಮೇಲೆಯೇ ಉಗಿದ.

"ಒಂದು ಲೋಟ ಕಾಫಿ ನುಂಗಲಾಗದವನು ಇವಳ ಸಿಟ್ಟು ಹೇಗೆ ನುಂಗಿಯಾನು ಅಣ್ಣಾ?"

ಮುಂದಿನ ವರನನ್ನು ಜಾದವ್‌ಪುರದಿಂದ ಚಿಕ್ಕಪ್ಪನೇ ಕರೆತಂದರು. ಕಾಲೇಜು ಮೇಷ್ಟ್ರು. ಕಣ್ಣಲ್ಲಿ ನೀರು ತುಂಬಿದರೂ ಲೋಟ ಖಾಲಿ ಮಾಡಿ, "ಚೆನ್ನಾಗಿದೆ," ಎಂದರು. ನನ್ನ ಮನಸ್ಸು ಅಲ್ಲೇ ಜಾರಿತು. ಆಮೇಲೆ, ತಮ್ಮ ತಂದೆ ಧಾರವಾಡದವರು, ತಾಯಿ ಬಂಗಾಳಿ ಎಂದು ಅವರೇ ಹೇಳಿದರು. ಅವರು ಹೋಗುವವರೆಗೆ ಅಪ್ಪ ತಡೆದುಕೊಂಡರು.

"ಮೀನು ಬೇಯಿಸುವ ಮನೆ ಅದು. ನಮ್ಮವರು ಯಾರು ಅಲ್ಲಿ ಊಟಕ್ಕೆ ಕೂರುತ್ತಾರೆ?"

ಚಿಕ್ಕಪ್ಪ ಮರುದಿನ ಜಾದವ್‌ಪುರಕ್ಕೆ ಹೋಗಿ, ಆ ತಾಯಿ ಬಡಿಸಿದ ಅನ್ನ, ಬೇಳೆ, ಹಾಗಲಕಾಯಿಯ ಪಲ್ಯ ಉಂಡು ಬಂದು ಬಾಗಿಲಲ್ಲೇ ನಿಂತರು.

"ಅಣ್ಣಾ, ನಾನು ಅಲ್ಲಿ ಉಂಡು ಬಂದೆ. ಜಾತಿ ಕೆಟ್ಟಿತು ಅಂತಾದರೆ ಮೊದಲು ನನ್ನನ್ನು ಹೊರಗೆ ಹಾಕು."

ಕದದ ಹಿಂದೆ ನಾನು ಅಳುತ್ತಿದ್ದೆ. ತಾಯಿಯಿಲ್ಲದ ಈ ತಮ್ಮನಿಗೆ ತುತ್ತು ಕೊಟ್ಟು ಬೆಳೆಸಿದ್ದು ಅಪ್ಪನೇ. ಅಪ್ಪ ಅಮ್ಮನ ಕಡೆ ತಿರುಗಿದರು.

"ಅಷ್ಟರಲ್ಲಿ ಇವನ ಹೊಟ್ಟೆ ತುಂಬುವುದುಂಟಾ? ಎಲೆ ಹಾಕು ಮಾರಾಯ್ತಿ. ನನ್ನ ಪಕ್ಕದಲ್ಲೇ."